ಉತ್ಪನ್ನ ಹೊಣೆಗಾರಿಕೆ

ಉತ್ಪನ್ನ ಹೊಣೆಗಾರಿಕೆ ಎಂದರೆ ದೋಷಯುಕ್ತ ಉತ್ಪನ್ನದಿಂದ ಗ್ರಾಹಕನಿಗೆ ಉಂಟಾದ ಹಾನಿಗೆ ಅದರ ತಯಾರಕ, ಮಾರಾಟಗಾರ ಅಥವಾ ಸಂಬಂಧಿತ ಸೇವೆ ಒದಗಿಸಿದವನು ಪರಿಹಾರ ನೀಡಬೇಕಾದ ಕಾನೂನುಬದ್ಧ ಜವಾಬ್ದಾರಿ. ಭಾರತದಲ್ಲಿ ಈ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವನ್ನು ಮೊದಲ ಬಾರಿಗೆ ಒದಗಿಸಿದುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಈ ಕಾಯ್ದೆಯ ಆರನೆಯ ಅಧ್ಯಾಯದಲ್ಲಿರುವ 82ರಿಂದ 87ರವರೆಗಿನ ಕಲಂಗಳು 2020ರ ಜುಲೈ 20ರಿಂದ ಜಾರಿಯಲ್ಲಿವೆ. ಸಿಡಿದ ಪ್ರೆಷರ್ ಕುಕ್ಕರ್, ಅಪಘಾತದ ವೇಳೆ ತೆರೆದುಕೊಳ್ಳದ ಕಾರಿನ ಏರ್‌ಬ್ಯಾಗ್, ಎಚ್ಚರಿಕೆಯ ಸೂಚನೆಯಿಲ್ಲದೆ ಮಾರಿದ ಕೀಟನಾಶಕ ಇವೆಲ್ಲ ಇದರ ವ್ಯಾಪ್ತಿಯಲ್ಲಿ ಬರಬಹುದಾದ ವಿಷಯಗಳು. ಕೃಷಿಯನ್ನೇ ನಂಬಿರುವ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ತಾಲ್ಲೂಕುಗಳಂತಹ ಪ್ರದೇಶಗಳಲ್ಲಿ ಈ ವಿಷಯ ಬಹುಮಟ್ಟಿಗೆ ಬೀಜ ಮತ್ತು ಕೀಟನಾಶಕಗಳ ಸುತ್ತ ನಿಲ್ಲುತ್ತದೆ. ಆದುದರಿಂದ ಈ ಲೇಖನದಲ್ಲಿ ಅವುಗಳಿಗೆ ಹೆಚ್ಚಿನ ಸ್ಥಳ ನೀಡಲಾಗಿದೆ.

ಹಿನ್ನೆಲೆ

ಹಳೆಯ ವ್ಯಾಪಾರ ಕಾನೂನಿನ ಮೂಲತತ್ತ್ವ "ಕೊಳ್ಳುವವನೇ ಎಚ್ಚರದಿಂದಿರಬೇಕು" ಎಂಬುದಾಗಿತ್ತು. ಎತ್ತನ್ನು ಸಂತೆಯಲ್ಲಿ ಹಲ್ಲು ನೋಡಿ, ನಡೆಸಿ, ಹೂಡಿ ನೋಡಿ ಕೊಳ್ಳುತ್ತಿದ್ದ ಕಾಲಕ್ಕೆ ಆ ತತ್ತ್ವ ಸಲ್ಲುತ್ತಿತ್ತು. ಮುಚ್ಚಿದ ಡಬ್ಬಿಯೊಳಗೆ, ಮೊಹರು ಮಾಡಿದ ಪೊಟ್ಟಣದೊಳಗೆ ಸರಕು ಬರತೊಡಗಿದ ಮೇಲೆ ಕೊಳ್ಳುವವನಿಗೆ ಪರೀಕ್ಷಿಸುವ ಅವಕಾಶವೇ ಉಳಿಯಲಿಲ್ಲ. ಭಾರತದ 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಂ ಈ ತತ್ತ್ವಕ್ಕೆ ಕೆಲವು ವಿನಾಯಿತಿಗಳನ್ನು ಕಲ್ಪಿಸಿತು. ಆದರೂ ಅಲ್ಲಿ ಮಾರಿದವನ ಮತ್ತು ಕೊಂಡವನ ನಡುವಿನ ಒಪ್ಪಂದವೇ ಮುಖ್ಯವಾಗಿತ್ತು. ಸರಕನ್ನು ತಯಾರಿಸಿದವನು ಎಲ್ಲೋ ದೂರದಲ್ಲಿ ಉಳಿಯುತ್ತಿದ್ದನು.

ತಯಾರಕನನ್ನು ನೇರವಾಗಿ ಹೊಣೆಗಾರನನ್ನಾಗಿಸಿದ ಮೊಕದ್ದಮೆಗಳಲ್ಲಿ 1932ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಡೊನಾಹ್ಯೂ ವಿರುದ್ಧ ಸ್ಟೀವನ್‌ಸನ್ ಪ್ರಕರಣ ಪ್ರಸಿದ್ಧವಾದುದು. 1928ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣದ ಹೋಟೆಲೊಂದರಲ್ಲಿ ಮಹಿಳೆಯೊಬ್ಬರು ಕುಡಿದ ಶುಂಠಿ ಪಾನೀಯದ ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂಬುದು ದೂರು. ಪಾನೀಯದ ಹಣ ಕೊಟ್ಟವರು ಅವರ ಸ್ನೇಹಿತೆ. ಹೀಗಾಗಿ ಅಂಗಡಿಯವನೊಡನೆಯಾಗಲಿ ತಯಾರಕನೊಡನೆಯಾಗಲಿ ಆಕೆಗೆ ಒಪ್ಪಂದವಿರಲಿಲ್ಲ. ಒಪ್ಪಂದವಿಲ್ಲದಿದ್ದರೂ ಅಂತಿಮ ಬಳಕೆದಾರನ ಬಗ್ಗೆ ತಯಾರಕನಿಗೆ ಎಚ್ಚರ ವಹಿಸಬೇಕಾದ ಕರ್ತವ್ಯವಿದೆ ಎಂದು ನ್ಯಾಯಾಲಯ ಹೇಳಿತು. ಇಲ್ಲಿಯೂ ತಯಾರಕನ ನಿರ್ಲಕ್ಷ್ಯವನ್ನು ದೂರುದಾರನೇ ಸಾಬೀತುಪಡಿಸಬೇಕಿತ್ತು. 1963ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು ಗ್ರೀನ್‌ಮನ್ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಉತ್ಪನ್ನದಲ್ಲಿ ದೋಷವಿದ್ದು ಅದರಿಂದ ಗಾಯವಾಗಿದ್ದರೆ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕಾಗಿಲ್ಲ ಎಂದಿತು. ಇದನ್ನು ಕಟ್ಟುನಿಟ್ಟಿನ ಹೊಣೆಗಾರಿಕೆ ಎನ್ನುತ್ತಾರೆ. ಯುರೋಪಿನ ರಾಷ್ಟ್ರಗಳು 1985ರ ನಿರ್ದೇಶನದ ಮೂಲಕ ಇದೇ ದಾರಿಯನ್ನು ಹಿಡಿದವು.

ಭಾರತದಲ್ಲಿ 1986ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಗ್ರಾಹಕ ಸಂರಕ್ಷಣಾ ಕಾಯ್ದೆ ಜಿಲ್ಲೆ, ರಾಜ್ಯ ಮತ್ತು ರಾಷ್ಟ್ರ ಮಟ್ಟಗಳಲ್ಲಿ ಪ್ರತ್ಯೇಕ ವೇದಿಕೆಗಳನ್ನು ಸ್ಥಾಪಿಸಿತು. ಈಗಲೂ ಆ ದಿನವನ್ನು ರಾಷ್ಟ್ರೀಯ ಗ್ರಾಹಕ ದಿನವಾಗಿ ಆಚರಿಸಲಾಗುತ್ತದೆ. ಕರ್ನಾಟಕದಲ್ಲಿ ಬಸ್ರೂರಿನ ಬಳಕೆದಾರರ ವೇದಿಕೆ, ಮೈಸೂರು ಗ್ರಾಹಕರ ಪರಿಷತ್ತು ಮೊದಲಾದ ಸಂಸ್ಥೆಗಳು ಈ ಕಾನೂನನ್ನು ಜನರ ಬಳಿಗೆ ಒಯ್ದವು. ಆ ಕಾಯ್ದೆಯಡಿ ದೋಷಯುಕ್ತ ಸರಕಿಗೆ ಪರಿಹಾರ ಸಿಗುತ್ತಿತ್ತಾದರೂ, ಸರಕಿನಿಂದ ದೇಹಕ್ಕೆ ಅಥವಾ ಇತರ ಆಸ್ತಿಗೆ ಆದ ಹಾನಿಗೆ ಯಾರು, ಎಷ್ಟರಮಟ್ಟಿಗೆ ಹೊಣೆ ಎಂಬುದನ್ನು ಅದು ಬಿಡಿಸಿ ಹೇಳಿರಲಿಲ್ಲ. ಅದನ್ನು ಹೇಳಿದ್ದು 2019ರ ಕಾಯ್ದೆ.

ವ್ಯಾಖ್ಯೆಗಳು

ಕಾನೂನಿನ ಲೇಖನಗಳಲ್ಲಿ ವ್ಯಾಖ್ಯೆಗಳನ್ನು ಓದುಗರು ದಾಟಿಹೋಗುವುದುಂಟು. ಈ ವಿಷಯದಲ್ಲಿ ಮಾತ್ರ ಹಾಗೆ ಮಾಡಬಾರದು, ಏಕೆಂದರೆ ಗೆಲುವು ಸೋಲುಗಳೆರಡೂ ಅಲ್ಲಿಯೇ ಅಡಗಿವೆ.

ಹಣ ಕೊಟ್ಟು ಸರಕು ಕೊಂಡವನು ಗ್ರಾಹಕ. ಪೂರ್ತಿ ಹಣ ಕೊಟ್ಟಿರಲೇಬೇಕೆಂದಿಲ್ಲ. ಕೊಡುವುದಾಗಿ ಮಾತು ಕೊಟ್ಟವನೂ, ಅರ್ಧ ಕೊಟ್ಟು ಉಳಿದುದನ್ನು ಮುಂದೆ ತೀರಿಸುವವನೂ ಗ್ರಾಹಕನೇ. ಉದ್ರಿ ಲೆಕ್ಕದಲ್ಲಿ ಬೀಜ ಗೊಬ್ಬರ ತಂದು ರಾಶಿಯ ನಂತರ ಹಣ ಕೊಡುವ ರೈತನಿಗೆ ಇದು ಮುಖ್ಯವಾದ ಮಾತು. "ನೀನು ಇನ್ನೂ ದುಡ್ಡೇ ಕೊಟ್ಟಿಲ್ಲ" ಎಂಬ ಉತ್ತರ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಕೊಂಡವನ ಒಪ್ಪಿಗೆಯಿಂದ ಆ ಸರಕನ್ನು ಬಳಸಿದ ಮನೆಯವರು ಹಾಗೂ ಇತರರು ಸಹ ಗ್ರಾಹಕರೆನಿಸುತ್ತಾರೆ. ಗ್ರಾಹಕನು ಮೃತಪಟ್ಟಿದ್ದರೆ ಅವನ ವಾರಸುದಾರರು ದೂರು ಸಲ್ಲಿಸಬಹುದು. ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಾಗಿ ಕೊಂಡ ಯಂತ್ರ, ವಾಹನ ಮೊದಲಾದವು ವಾಣಿಜ್ಯ ಉದ್ದೇಶವೆನಿಸುವುದಿಲ್ಲ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಭೇದವನ್ನು ವಿವರಿಸಿದೆ. ತಾನೇ ಓಡಿಸಿ ಬದುಕುವ ಆಟೊ ಚಾಲಕ, ತಾನೇ ಹೊಲಿಯುವ ದರ್ಜಿ ಇಬ್ಬರೂ ಗ್ರಾಹಕರು.

ಉತ್ಪನ್ನವೆಂದರೆ ಘನ, ದ್ರವ, ಅನಿಲ ಯಾವ ರೂಪದಲ್ಲಿಯೂ ಇರಬಹುದಾದ ವಸ್ತು. ಮನುಷ್ಯನ ಅಂಗಾಂಗ, ರಕ್ತ ಮತ್ತು ರಕ್ತದ ಉತ್ಪನ್ನಗಳನ್ನು ಮಾತ್ರ ಕಾಯ್ದೆ ಹೊರಗಿಟ್ಟಿದೆ.

ಹಾನಿ ಎಂಬ ಪದಕ್ಕೆ ಕಾಯ್ದೆ ಕೊಡುವ ಅರ್ಥ ದಿನಬಳಕೆಯ ಅರ್ಥಕ್ಕಿಂತ ಕಿರಿದು. ದೇಹಕ್ಕೆ ಗಾಯ, ಕಾಯಿಲೆ, ಸಾವು, ಇವುಗಳ ಜೊತೆಗೆ ಬರುವ ಮಾನಸಿಕ ಯಾತನೆ, ದೋಷವಿದ್ದ ವಸ್ತುವನ್ನು ಹೊರತುಪಡಿಸಿ ಇತರ ಆಸ್ತಿಗಾದ ನಷ್ಟ, ಬಾಳಸಂಗಾತಿಯ ಸಾಹಚರ್ಯ ಅಥವಾ ಸೇವೆಯ ನಷ್ಟ ಇವು ಹಾನಿಯಲ್ಲಿ ಸೇರುತ್ತವೆ. ದೋಷವಿದ್ದ ವಸ್ತುವಿಗೇ ಆದ ನಷ್ಟವೂ, ವಾಣಿಜ್ಯ ಅಥವಾ ಆರ್ಥಿಕ ನಷ್ಟವೂ ಸೇರುವುದಿಲ್ಲ. ಟಿ.ವಿ. ಸಿಡಿದು ಮನೆಯ ಛಾವಣಿ ಸುಟ್ಟರೆ ಛಾವಣಿಯ ನಷ್ಟ ಉತ್ಪನ್ನ ಹೊಣೆಗಾರಿಕೆಯ ಹಾನಿ, ಟಿ.ವಿ.ಯ ಬೆಲೆ ಅಲ್ಲ. ಹಾಗೆಂದ ಮಾತ್ರಕ್ಕೆ ಟಿ.ವಿ.ಯ ಬೆಲೆ ಮುಳುಗಿತೆಂದು ತಿಳಿಯಬೇಕಾಗಿಲ್ಲ. ಅದನ್ನು ಅದೇ ಕಾಯ್ದೆಯಡಿ, ದೋಷಯುಕ್ತ ಸರಕಿನ ಸಾಮಾನ್ಯ ದೂರಿನ ಮೂಲಕ ಕೇಳಬಹುದು. ಒಂದೇ ದೂರಿನಲ್ಲಿ ಎರಡೂ ಆಧಾರಗಳನ್ನು ಎತ್ತಬಹುದು.

ಯಾರು, ಯಾವಾಗ ಹೊಣೆ

84ನೆಯ ಕಲಂ ತಯಾರಕನಿಗೆ ಸಂಬಂಧಿಸಿದ್ದು. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ನಿಗದಿತ ವಿವರಣೆಗಿಂತ ಭಿನ್ನವಾದ ತಯಾರಿಕೆ, ಸ್ಪಷ್ಟವಾಗಿ ಕೊಟ್ಟ ಭರವಸೆಗೆ ತಕ್ಕಂತಿಲ್ಲದಿರುವುದು, ಸರಿಯಾದ ಬಳಕೆಯ ಸೂಚನೆ ಅಥವಾ ಅಪಾಯದ ಎಚ್ಚರಿಕೆ ಸಾಕಷ್ಟು ಇಲ್ಲದಿರುವುದು ಇವುಗಳಲ್ಲಿ ಯಾವುದಾದರೊಂದು ಕಂಡುಬಂದರೂ ತಯಾರಕ ಹೊಣೆಗಾರನಾಗುತ್ತಾನೆ. ಭರವಸೆ ಕೊಡುವಾಗ ತಾನು ನಿರ್ಲಕ್ಷ್ಯ ಮಾಡಿರಲಿಲ್ಲ, ಮೋಸದ ಉದ್ದೇಶವಿರಲಿಲ್ಲ ಎಂದು ಆತ ಸಾಬೀತುಪಡಿಸಿದರೂ ಹೊಣೆ ತಪ್ಪುವುದಿಲ್ಲ. ಬೇರೊಬ್ಬರು ಮಾಡಿದ ವಸ್ತುವಿನ ಮೇಲೆ ತನ್ನ ಹೆಸರಿನ ಮುದ್ರೆ ಹಾಕಿ ಮಾರುವವನೂ, ಬಿಡಿಭಾಗಗಳನ್ನು ಜೋಡಿಸುವವನೂ ತಯಾರಕರೆಂದೇ ಪರಿಗಣಿತರಾಗುತ್ತಾರೆ.

ಮಾರಾಟಗಾರನ ಹೊಣೆ 86ನೆಯ ಕಲಮಿನಲ್ಲಿದೆ. ತಯಾರಿಸದೆ ಮಾರುವ ಅಂಗಡಿಯವನು ಎಲ್ಲ ದೋಷಗಳಿಗೂ ಹೊಣೆಯಲ್ಲ. ಉತ್ಪನ್ನದ ವಿನ್ಯಾಸ, ಪರೀಕ್ಷೆ, ಪ್ಯಾಕಿಂಗ್, ಲೇಬಲ್ ಇವುಗಳ ಮೇಲೆ ಅವನಿಗೆ ಗಣನೀಯ ಹಿಡಿತವಿದ್ದು ಅದರಿಂದ ಹಾನಿಯಾಗಿದ್ದರೆ, ಅವನು ಅದನ್ನು ಮಾರ್ಪಡಿಸಿದ್ದು ಆ ಮಾರ್ಪಾಡೇ ಹಾನಿಗೆ ಗಣನೀಯ ಕಾರಣವಾಗಿದ್ದರೆ, ತಯಾರಕನ ಭರವಸೆಯ ಜೊತೆಗೆ ತನ್ನದೇ ಆದ ಭರವಸೆ ಕೊಟ್ಟಿದ್ದು ಅದಕ್ಕೆ ಉತ್ಪನ್ನ ತಕ್ಕಂತಿಲ್ಲದಿದ್ದರೆ, ತಯಾರಕ ಯಾರೆಂದೇ ತಿಳಿಯದಿದ್ದರೆ ಅಥವಾ ತಿಳಿದರೂ ಅವನಿಗೆ ನೋಟಿಸು ಮುಟ್ಟಿಸಲಾಗದಿದ್ದರೆ, ಜೋಡಣೆ ಮತ್ತು ತಪಾಸಣೆಯಲ್ಲಿ ಎಚ್ಚರ ತಪ್ಪಿದ್ದರೆ, ತಯಾರಕನ ಎಚ್ಚರಿಕೆಗಳನ್ನು ಗ್ರಾಹಕನಿಗೆ ದಾಟಿಸದಿದ್ದರೆ ಅವನು ಹೊಣೆಯಾಗುತ್ತಾನೆ. ಹೆಸರು ವಿಳಾಸವಿಲ್ಲದ ಸರಕನ್ನು ಮಾರುವ ಅಂಗಡಿಕಾರನು ತಯಾರಕನ ಹೊಣೆಯನ್ನು ತಾನೇ ಹೊತ್ತುಕೊಳ್ಳುತ್ತಾನೆ ಎಂಬುದು ಇದರ ತಾತ್ಪರ್ಯ. ದುರಸ್ತಿ, ನಿರ್ವಹಣೆ ಮೊದಲಾದ ಸೇವೆ ನೀಡುವವರ ಹೊಣೆಯನ್ನು 85ನೆಯ ಕಲಂ ಹೇಳುತ್ತದೆ.

87ನೆಯ ಕಲಂ ವಿನಾಯಿತಿಗಳದ್ದು. ಹಾನಿಯಾದಾಗ ಉತ್ಪನ್ನವನ್ನು ದುರ್ಬಳಕೆ ಮಾಡಲಾಗಿದ್ದರೆ ಅಥವಾ ಮಾರ್ಪಡಿಸಲಾಗಿದ್ದರೆ ಮಾರಾಟಗಾರನ ವಿರುದ್ಧ ಕ್ರಮ ಸಾಧ್ಯವಿಲ್ಲ. ಎಲ್ಲರಿಗೂ ಸಾಮಾನ್ಯವಾಗಿ ತಿಳಿದಿರುವ ಅಪಾಯದ ಬಗ್ಗೆ ಎಚ್ಚರಿಸಲಿಲ್ಲವೆಂದು ತಯಾರಕನನ್ನು ದೂರುವಂತಿಲ್ಲ. ಚಾಕು ಕೈ ಕೊಯ್ಯುತ್ತದೆ ಎಂದು ಯಾರೂ ಬರೆಯಬೇಕಾಗಿಲ್ಲ. ಮದ್ಯಪಾನ ಮಾಡಿ ಬಳಸಿದವನಿಗೂ ಎಚ್ಚರಿಕೆಯ ಕೊರತೆಯ ವಾದ ಸಲ್ಲದು. ಇನ್ನೊಂದು ವಿನಾಯಿತಿ ಕೆಲಸದ ಸ್ಥಳದಲ್ಲಿ ಬಳಸಲು ಮಾಲೀಕನು ಕೊಂಡ ಉತ್ಪನ್ನಕ್ಕೆ ಸಂಬಂಧಿಸಿದ್ದು. ತಯಾರಕನು ಮಾಲೀಕನಿಗೆ ಎಚ್ಚರಿಕೆ ಕೊಟ್ಟಿದ್ದರೆ, ಎಚ್ಚರಿಕೆ ಸಾಲದೆಂಬ ಕಾರಣಕ್ಕೆ ತಯಾರಕನನ್ನು ಹೊಣೆ ಮಾಡಲಾಗುವುದಿಲ್ಲ. ಇದರ ಪರಿಣಾಮವನ್ನು ಕೀಟನಾಶಕದ ಭಾಗದಲ್ಲಿ ನೋಡಬಹುದು.

2022ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಹ್ಯುಂಡೈ ಮೋಟಾರ್ ಪ್ರಕರಣ ದೋಷವನ್ನು ಹೇಗೆ ಅರ್ಥೈಸಬೇಕೆಂಬುದಕ್ಕೆ ಉತ್ತಮ ನಿದರ್ಶನ. ಅಪಘಾತದಲ್ಲಿ ಏರ್‌ಬ್ಯಾಗುಗಳು ತೆರೆದುಕೊಳ್ಳದೆ ಕಾರಿನ ಮಾಲೀಕರು ಗಾಯಗೊಂಡಿದ್ದರು. ಸಾಕಷ್ಟು ಬಲದ ಡಿಕ್ಕಿಯಾಗಿರಲಿಲ್ಲವೆಂಬುದು ಕಂಪನಿಯ ವಾದ. ಏರ್‌ಬ್ಯಾಗ್ ಇದೆಯೆಂದು ಕಾರು ಕೊಳ್ಳುವವನು ಮುಂದಿನಿಂದ ಡಿಕ್ಕಿಯಾದರೆ ಅದು ತೆರೆಯುತ್ತದೆಂದು ನಂಬುವುದು ಸಹಜ. ವೇಗ ಮತ್ತು ಬಲದ ಲೆಕ್ಕ ಹಾಕುವ ಭೌತಶಾಸ್ತ್ರಜ್ಞನಾಗಿರಬೇಕೆಂದು ಅವನಿಂದ ನಿರೀಕ್ಷಿಸಲಾಗದು ಎಂಬ ಅಭಿಪ್ರಾಯದೊಂದಿಗೆ ನ್ಯಾಯಾಲಯ ಪರಿಹಾರದ ಆದೇಶವನ್ನು ಎತ್ತಿಹಿಡಿಯಿತು. ಇದು ಹಳೆಯ ಕಾಯ್ದೆಯಡಿಯ ಪ್ರಕರಣವಾದರೂ ತರ್ಕ ಹೊಸ ಕಾಯ್ದೆಗೂ ಒಪ್ಪುತ್ತದೆ.

ಬೀಜ ಮತ್ತು ಬೆಳೆ

ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರ ತಾಲ್ಲೂಕುಗಳ ಕೃಷಿ ಬದಲಾಯಿತು. ಮಳೆಯಾಶ್ರಿತ ತೊಗರಿ, ಜೋಳಗಳ ಜೊತೆಗೆ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ಮನೆಯ ಹಗೇವು, ಗುಮ್ಮಿಗಳಲ್ಲಿ ಕಾಯ್ದಿಟ್ಟ ಬೀಜವನ್ನು ಬಿತ್ತುತ್ತಿದ್ದ ರೈತ, ಪ್ರತಿ ಮುಂಗಾರಿಗೂ ಅಂಗಡಿಯಿಂದ ಹೈಬ್ರಿಡ್ ಬೀಜದ ಪೊಟ್ಟಣ ಕೊಳ್ಳುವ ಗ್ರಾಹಕನಾದ. ಬೀಜ ಕೆಟ್ಟರೆ ಹೋಗುವುದು ಪೊಟ್ಟಣದ ಬೆಲೆಯಷ್ಟೇ ಅಲ್ಲ; ಉಳುಮೆ, ಗೊಬ್ಬರ, ಕೂಲಿ, ಸಾಲದ ಬಡ್ಡಿ ಮತ್ತು ಮರಳಿ ಬಾರದ ಒಂದು ಹಂಗಾಮು ಕೂಡ.

ರೈತನು ಗ್ರಾಹಕನೇ ಎಂಬ ಪ್ರಶ್ನೆಗೆ ನಿಚ್ಚಳ ಉತ್ತರ ಸಿಕ್ಕಿದ್ದು 2012ರ ಜನವರಿ 16ರಂದು, ರಾಷ್ಟ್ರೀಯ ಬೀಜ ನಿಗಮ ವಿರುದ್ಧ ಎಂ. ಮಧುಸೂದನ ರೆಡ್ಡಿ ಪ್ರಕರಣದಲ್ಲಿ. ಅಂದಿನ ಅವಿಭಜಿತ ಆಂಧ್ರಪ್ರದೇಶದ ಕರ್ನೂಲು, ಮಹಬೂಬನಗರ, ಗುಂಟೂರು ಮೊದಲಾದ ಜಿಲ್ಲೆಗಳ ರೈತರು ಅಲ್ಲಿನ ಜಿಲ್ಲಾ ವೇದಿಕೆಗಳಲ್ಲಿ ಗೆದ್ದಿದ್ದರು. ಈ ಪೈಕಿ ಆಗಿನ ಮಹಬೂಬನಗರ ಜಿಲ್ಲೆ ಯಾದಗಿರಿಗೆ ಹೊಂದಿಕೊಂಡ ನೆರೆಯ ಸೀಮೆ. ನಿಗಮದ ವಾದಗಳು ಮುಖ್ಯವಾಗಿ ಮೂರಾಗಿದ್ದವು. ಬೀಜಕ್ಕೆ 1966ರ ಬೀಜ ಕಾಯ್ದೆ ಇರುವಾಗ ಗ್ರಾಹಕ ವೇದಿಕೆಗೆ ಅಧಿಕಾರವಿಲ್ಲ, ಬೆಳೆದುದನ್ನು ಮಾರುವ ರೈತ ವಾಣಿಜ್ಯ ಉದ್ದೇಶದವನು, ಬೀಜದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸದೆ ದೋಷವನ್ನು ನಿರ್ಣಯಿಸಲಾಗದು ಎಂಬುವು ಅವು. ಸುಪ್ರೀಂ ಕೋರ್ಟ್ ಮೂರನ್ನೂ ತಳ್ಳಿಹಾಕಿತು. ಬೀಜ ಕಾಯ್ದೆಯಲ್ಲಿ ರೈತನಿಗೆ ಪರಿಹಾರ ಕೊಡಿಸುವ ವ್ಯವಸ್ಥೆಯೇ ಇಲ್ಲವಾದುದರಿಂದ ಗ್ರಾಹಕ ಕಾಯ್ದೆಯ ದಾರಿ ಮುಚ್ಚಿಲ್ಲ ಎಂದಿತು. ಕೊಂಡ ಬೀಜವನ್ನೆಲ್ಲ ರೈತ ಬಿತ್ತುತ್ತಾನೆ, ಮುಂದೆ ಮೊಕದ್ದಮೆಯಾದೀತೆಂದು ಒಂದಷ್ಟನ್ನು ತೆಗೆದಿಡುವುದಿಲ್ಲ ಎಂಬ ವಾಸ್ತವವನ್ನು ನ್ಯಾಯಾಲಯ ಒಪ್ಪಿತು. ಅದೇ ಲಾಟಿನ ಬೀಜ ಕಂಪನಿಯ ಬಳಿ ಇರುವಾಗ ಪರೀಕ್ಷೆಗೆ ಕೋರಿಕೆ ಸಲ್ಲಿಸಬೇಕಾದುದು ಕಂಪನಿಯೇ. ಇದೇ ಬಗೆಯ ಅಭಿಪ್ರಾಯವನ್ನು 1998ರಲ್ಲಿಯೇ, ಸೂರ್ಯಕಾಂತಿ ಬೀಜಕ್ಕೆ ಸಂಬಂಧಿಸಿದ ಮಹಾರಾಷ್ಟ್ರ ಹೈಬ್ರಿಡ್ ಸೀಡ್ಸ್ ಪ್ರಕರಣದಲ್ಲಿಯೂ ನ್ಯಾಯಾಲಯ ವ್ಯಕ್ತಪಡಿಸಿತ್ತು.

ಹಾಗಿದ್ದರೂ ಬೀಜದ ಮೊಕದ್ದಮೆಗಳಲ್ಲಿ ಸೋತ ರೈತರ ಸಂಖ್ಯೆ ಕಡಿಮೆಯೇನಲ್ಲ. ಬೆಳೆ ಕೈಕೊಡಲು ಮಳೆ, ಮಣ್ಣು, ನೀರು, ರೋಗ, ಬಿತ್ತನೆಯ ಕಾಲ ಹೀಗೆ ಹಲವು ಕಾರಣಗಳಿರುತ್ತವೆ. ಬೆಳೆ ಹಾಳಾಗಿದೆ ಎಂಬುದು ಬೇರೆ, ಬೀಜದಿಂದಲೇ ಹಾಳಾಗಿದೆ ಎಂಬುದು ಬೇರೆ. ಎರಡನೆಯದನ್ನು ತೋರಿಸುವ ಮುಖ್ಯ ಆಧಾರ ಹೊಲದ ತಪಾಸಣೆಯ ವರದಿ. ಕಂಪನಿಗೆ ತಿಳಿಸದೆ ಒಬ್ಬರೇ ಅಧಿಕಾರಿ ಬರೆದುಕೊಟ್ಟ ವರದಿಗಳನ್ನು ಆಯೋಗಗಳು ನಂಬದೆ ಬಿಟ್ಟಿರುವುದುಂಟು. ಹರಿಯಾಣದ ಕೃಷಿ ಇಲಾಖೆ ಸುತ್ತೋಲೆಯೊಂದರಲ್ಲಿ ಇಲಾಖೆಯ ಇಬ್ಬರು ಅಧಿಕಾರಿಗಳು, ಬೀಜ ಸಂಸ್ಥೆಯ ಪ್ರತಿನಿಧಿ ಹಾಗೂ ಕೃಷಿ ವಿಜ್ಞಾನಿಗಳು ಕೂಡಿ ತಪಾಸಣೆ ಮಾಡಬೇಕೆಂದು ಹೇಳಿತ್ತು. ಕರ್ನಾಟಕಕ್ಕೆ ಆ ಸುತ್ತೋಲೆ ಅನ್ವಯಿಸದಿದ್ದರೂ ಕ್ರಮ ಅನುಸರಣೀಯವಾದುದು. ಶಹಾಪುರ ಭಾಗದ ರೈತನು ಬೆಳೆ ಹೊಲದಲ್ಲಿ ನಿಂತಿರುವಾಗಲೇ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯ ಅಥವಾ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳನ್ನು ತಪಾಸಣೆಗೆ ಸೇರಿಸುವಂತೆ ಆ ಅರ್ಜಿಯಲ್ಲಿಯೇ ಕೋರಬೇಕು. ಬೇಸರದಿಂದ ಹೊಲ ಹರಗಿ ಬೇರೆ ಬೆಳೆ ಬಿತ್ತಿದ ಮೇಲೆ ಸಾಕ್ಷ್ಯವೂ ಮಣ್ಣುಪಾಲಾಗುತ್ತದೆ.

ಮೊಳಕೆಯ ಪ್ರಶ್ನೆ ಬಂದಾಗ ಅಳತೆಗೋಲು ಇದೆ. ಪ್ರಮಾಣೀಕೃತ ಬೀಜದ ಕನಿಷ್ಠ ಮೊಳಕೆ ಪ್ರಮಾಣ ಭತ್ತಕ್ಕೆ ಶೇ 80, ತೊಗರಿ ಮತ್ತು ಜೋಳಕ್ಕೆ ಶೇ 75, ಮೆಣಸಿನಕಾಯಿಗೆ ಶೇ 60. ಪೊಟ್ಟಣದ ಚೀಟಿಯಲ್ಲಿ ಲಾಟ್ ಸಂಖ್ಯೆ, ಪರೀಕ್ಷೆಯ ದಿನಾಂಕ, ಮೊಳಕೆಯ ಪ್ರಮಾಣ ಇರಬೇಕು. ಖಾಲಿ ಪೊಟ್ಟಣವನ್ನು ಬದುವಿನಲ್ಲಿ ಎಸೆಯುವುದು ವಾಡಿಕೆ. ಅದನ್ನು ಮನೆಯಲ್ಲಿ ಕಾಯ್ದಿಟ್ಟುಕೊಂಡವನ ಕೈಯಲ್ಲಿ ಮೊದಲ ಸಾಕ್ಷ್ಯ ಇದ್ದಂತೆ.

ಮೊಳಕೆ ಸರಿಯಾಗಿ ಬಂದು, ಆಮೇಲೆ ಹೇಳಿದ ಗುಣ ಕಾಣದಿದ್ದರೆ ಪ್ರಶ್ನೆ ಜಟಿಲವಾಗುತ್ತದೆ. ಕಾಯಿಕೊರಕವನ್ನು ತಡೆಯುತ್ತದೆಂಬ ಭರವಸೆಯ ಬಿ.ಟಿ. ಹತ್ತಿಗೆ ಭಾರತದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. ಮುಂದೆ ಗುಲಾಬಿ ಕಾಯಿಕೊರಕವು ಅದಕ್ಕೆ ನಿರೋಧಶಕ್ತಿ ಬೆಳೆಸಿಕೊಂಡಿತು. ಇದು ಬೀಜದ ದೋಷವೇ, ಭರವಸೆಯ ಭಂಗವೇ, ಅಥವಾ ಕೀಟದ ಸಹಜ ವಿಕಾಸವೇ ಎಂಬುದನ್ನು ಆಯಾ ಪೊಟ್ಟಣದ ಮೇಲೆ ಹಾಗೂ ಜಾಹೀರಾತಿನಲ್ಲಿ ಏನು ಬರೆದಿತ್ತೆಂಬುದನ್ನು ನೋಡಿಯೇ ಹೇಳಬೇಕಾಗುತ್ತದೆ. ಕರ್ನಾಟಕದಲ್ಲಿ 2013–14ರಲ್ಲಿ ‘ಕನಕ’ ಎಂಬ ಬಿ.ಟಿ. ಹತ್ತಿ ತಳಿಯ ಬೆಳೆ ಹಾವೇರಿ ಮೊದಲಾದ ಜಿಲ್ಲೆಗಳಲ್ಲಿ ವಿಫಲವಾದಾಗ ವಿವಾದವೆದ್ದು, ರಾಜ್ಯ ಸರ್ಕಾರವು ಸಂಬಂಧಿತ ಸಂಸ್ಥೆಯ ಬೀಜ ಮಾರಾಟದ ವಿರುದ್ಧ ಕ್ರಮ ಕೈಗೊಂಡಿತ್ತು.

ಬೆಳೆ ನಷ್ಟವು 2019ರ ಕಾಯ್ದೆಯ ‘ಹಾನಿ’ಯ ವ್ಯಾಖ್ಯೆಯಲ್ಲಿ ಬರುತ್ತದೆಯೇ ಎಂಬುದು ವಾದಕ್ಕೆ ಎಡೆಯಿರುವ ವಿಷಯ. ಅದು ಆರ್ಥಿಕ ನಷ್ಟವೆಂದು ಕಂಪನಿಗಳು ವಾದಿಸಬಹುದು. ಆದ್ದರಿಂದ ಬೀಜದ ದೂರುಗಳಿಗೆ ಆರನೆಯ ಅಧ್ಯಾಯಕ್ಕಿಂತ ‘ದೋಷಯುಕ್ತ ಸರಕು’ ಎಂಬ ಹಳೆಯ ಆಧಾರವೇ ಭದ್ರ. ಮಧುಸೂದನ ರೆಡ್ಡಿ ಪ್ರಕರಣ ನಿಂತಿರುವುದೂ ಅದರ ಮೇಲೆಯೇ.

ಕೀಟನಾಶಕ

ಕೀಟನಾಶಕಗಳ ತಯಾರಿಕೆ ಮತ್ತು ಮಾರಾಟವನ್ನು 1968ರ ಕೀಟನಾಶಕ ಕಾಯ್ದೆ ನಿಯಂತ್ರಿಸುತ್ತದೆ. ಡಬ್ಬಿಯ ಮೇಲಿನ ಚೌಕದಲ್ಲಿ ಬಣ್ಣದ ತ್ರಿಕೋನವಿರುತ್ತದೆ. ಕೆಂಪು ಅತಿ ತೀವ್ರ ವಿಷವನ್ನೂ, ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆಯಾಗುವ ತೀವ್ರತೆಯನ್ನೂ ಸೂಚಿಸುತ್ತವೆ. ಒಳಗೆ ಪ್ರಾದೇಶಿಕ ಭಾಷೆಯನ್ನೂ ಒಳಗೊಂಡ ಮಾಹಿತಿ ಪತ್ರ ಇರಬೇಕು. ಆದರೆ ಕಣ್ಣಿಗೆ ಹತ್ತದಷ್ಟು ಸಣ್ಣ ಅಕ್ಷರಗಳ ಆ ಹಾಳೆಯನ್ನು ಅಂಗಡಿಯಲ್ಲಾಗಲಿ ಹೊಲದಲ್ಲಾಗಲಿ ಬಿಚ್ಚಿ ಓದುವವರು ವಿರಳ.

2017ರಲ್ಲಿ ಮಹಾರಾಷ್ಟ್ರದ ಹತ್ತಿ ಬೆಳೆಯುವ ಯವತಮಾಳ ಜಿಲ್ಲೆಯಲ್ಲಿ ಕೀಟನಾಶಕ ಸಿಂಪಡಿಸುವಾಗ ವಿಷವೇರಿ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಮೃತಪಟ್ಟರು. ನೂರಾರು ಮಂದಿ ಅಸ್ವಸ್ಥರಾದರು. ಸಂತ್ರಸ್ತ ಕುಟುಂಬಗಳ ಕೆಲವರು 2020ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ, ಆ ದೇಶದ ಉತ್ಪನ್ನ ಹೊಣೆಗಾರಿಕೆ ಕಾನೂನಿನಡಿ ಕೀಟನಾಶಕ ಸಂಸ್ಥೆಯೊಂದರ ವಿರುದ್ಧ ಕಾನೂನು ಕ್ರಮ ಆರಂಭಿಸಿದರು. ಸಂಸ್ಥೆ ಆರೋಪವನ್ನು ನಿರಾಕರಿಸಿದೆ. ಹತ್ತಿ ಬೆಳೆಯುವ ಎಲ್ಲ ಸೀಮೆಗಳಿಗೂ ಈ ಘಟನೆ ಸಂಬಂಧಿಸಿದ್ದು.

ಸಿಂಪಡಣೆ ಮಾಡುವವನು ಅನೇಕ ಸಲ ಹೊಲದ ಒಡೆಯನಲ್ಲ, ದಿನಗೂಲಿಯವನು. ಔಷಧ ಕೊಂಡವನು ಒಡೆಯ, ಎಚ್ಚರಿಕೆ ಮುಟ್ಟಿದ್ದು ಒಡೆಯನಿಗೆ, ವಿಷವೇರಿದ್ದು ಕೂಲಿಯವನಿಗೆ. ಒಡೆಯನ ಒಪ್ಪಿಗೆಯಿಂದ ಬಳಸಿದವನಾದುದರಿಂದ ಅವನು ಗ್ರಾಹಕನೆಂದು ವಾದಿಸಬಹುದು. ಆದರೆ ಮಾಲೀಕನಿಗೆ ಎಚ್ಚರಿಕೆ ಕೊಟ್ಟಿದ್ದರೆ ಸಾಕೆಂಬ 87ನೆಯ ಕಲಮಿನ ವಿನಾಯಿತಿ ಅವನಿಗೆ ಅಡ್ಡ ಬರುತ್ತದೆ. ಆ ವಿನಾಯಿತಿ ಎಚ್ಚರಿಕೆಯ ಕೊರತೆಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಗಮನಿಸಬೇಕು. ಔಷಧವೇ ಕಲಬೆರಕೆಯಾಗಿದ್ದರೆ, ಪಂಪು ಸೋರುವಂತಹ ದೋಷದ್ದಾಗಿದ್ದರೆ ಅದು ಅಡ್ಡ ಬರುವುದಿಲ್ಲ. ಇಷ್ಟಾದರೂ, ಕಾರ್ಖಾನೆಯ ಕಾರ್ಮಿಕನನ್ನು ಮನಸ್ಸಿನಲ್ಲಿಟ್ಟು ಬರೆದಂತೆ ತೋರುವ ಈ ವಿನಾಯಿತಿ ಹೊಲದ ಕೂಲಿಯವನ ಪಾಲಿಗೆ ಕಠಿಣವಾದುದು.

ಮನೆಬಳಕೆಯ ವಸ್ತುಗಳು

2016ರ ಭಾರತೀಯ ಮಾನಕ ಬ್ಯೂರೊ ಕಾಯ್ದೆಯಡಿ ಹಲವು ವಸ್ತುಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ಪ್ರೆಷರ್ ಕುಕ್ಕರಿಗೆ 2021ರ ಫೆಬ್ರುವರಿ 1ರಿಂದ ಇದು ಕಡ್ಡಾಯವಾಗಿದೆ. ಈ ಗುರುತಿಲ್ಲದ 2,265 ಕುಕ್ಕರುಗಳು ತನ್ನ ತಾಣದ ಮೂಲಕ ಮಾರಾಟವಾದುದಕ್ಕಾಗಿ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಆಗಸ್ಟ್‌ನಲ್ಲಿ ಅಮೆಜಾನ್ ಸಂಸ್ಥೆಗೆ ಒಂದು ಲಕ್ಷ ರೂಪಾಯಿ ದಂಡ ವಿಧಿಸಿ, ಕುಕ್ಕರುಗಳನ್ನು ಹಿಂಪಡೆದು ಗ್ರಾಹಕರಿಗೆ ಹಣ ಮರಳಿಸುವಂತೆ ಆದೇಶಿಸಿತು. ಸಂಸ್ಥೆ ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಈ ಪ್ರಾಧಿಕಾರ 2020ರ ಜುಲೈ 24ರಂದು ಸ್ಥಾಪನೆಯಾದುದು. ಒಬ್ಬೊಬ್ಬರ ದೂರಿಗೆ ಪರಿಹಾರ ಕೊಡಿಸುವುದು ಅದರ ಕೆಲಸವಲ್ಲ. ಅಪಾಯಕಾರಿ ಸರಕನ್ನು ಮಾರುಕಟ್ಟೆಯಿಂದ ಹಿಂತೆಗೆಸುವುದು, ದಾರಿತಪ್ಪಿಸುವ ಜಾಹೀರಾತಿಗೆ ದಂಡ ಹಾಕುವುದು ಅದರ ಕಾರ್ಯ.

ಅಡುಗೆ ಅನಿಲದ ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಕ್ಷರವೂ ಇಸವಿಯ ಕೊನೆಯ ಎರಡು ಅಂಕಿಗಳೂ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಅದು ಮುಂದಿನ ಪರೀಕ್ಷೆ ನಡೆಯಬೇಕಾದ ಅವಧಿ. ಅವಧಿ ದಾಟಿದ ಸಿಲಿಂಡರನ್ನು ಗ್ರಾಹಕನು ನಿರಾಕರಿಸಬಹುದು.

ಆಹಾರದ ವಿಷಯದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಮಾನಕ ಕಾಯ್ದೆಯ 65ನೆಯ ಕಲಂ ಪ್ರತ್ಯೇಕ ಪರಿಹಾರ ಒದಗಿಸುತ್ತದೆ. ಸಾವಿಗೆ ಕನಿಷ್ಠ 5 ಲಕ್ಷ, ತೀವ್ರ ಗಾಯಕ್ಕೆ 3 ಲಕ್ಷದವರೆಗೆ, ಇತರ ಗಾಯಗಳಿಗೆ 1 ಲಕ್ಷ ರೂಪಾಯಿಗಳವರೆಗೆ. ಇದಲ್ಲದೆ ಗ್ರಾಹಕ ಸಂರಕ್ಷಣಾ ಕಾಯ್ದೆಯ 90 ಮತ್ತು 91ನೆಯ ಕಲಂಗಳು ಕಲಬೆರಕೆ ಮತ್ತು ನಕಲಿ ಸರಕುಗಳನ್ನು ಅಪರಾಧವೆಂದು ಪರಿಗಣಿಸಿವೆ. ಅವುಗಳಿಂದ ಸಾವು ಸಂಭವಿಸಿದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ವಿಸ್ತರಿಸಬಹುದಾದ ಶಿಕ್ಷೆ ಹಾಗೂ ಕನಿಷ್ಠ 10 ಲಕ್ಷ ರೂಪಾಯಿ ದಂಡವಿದೆ.

ದೂರು ಸಲ್ಲಿಸುವ ಕ್ರಮ

ಸರಕಿಗೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ದೂರು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಸಲ್ಲುತ್ತದೆ. 2 ಕೋಟಿಯವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲ್ಪಟ್ಟರೆ ರಾಷ್ಟ್ರೀಯ ಆಯೋಗ. ಕೇಳುವ ಪರಿಹಾರ ಎಷ್ಟೇ ಇರಲಿ, ಲೆಕ್ಕಕ್ಕೆ ಬರುವುದು ಕೊಟ್ಟ ಬೆಲೆ ಮಾತ್ರ. ಈ ಮಾನದಂಡವನ್ನು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಹೀಗಾಗಿ ಬೀಜದ ಪೊಟ್ಟಣ, ಕುಕ್ಕರು, ಫ್ರಿಜ್ಜುಗಳ ದೂರಿಗೆ ಒಂದು ಪೈಸೆಯೂ ತಗಲುವುದಿಲ್ಲ.

ಹಳೆಯ ಕಾಯ್ದೆಯಡಿ ಸಾಮಾನ್ಯವಾಗಿ ಎದುರುದಾರನಿರುವ ಅಥವಾ ವ್ಯವಹಾರ ನಡೆದ ಸ್ಥಳದಲ್ಲಿ ದೂರು ಕೊಡಬೇಕಾಗಿತ್ತು. ಈಗ ದೂರುದಾರ ವಾಸಿಸುವ ಅಥವಾ ದುಡಿಯುವ ಸ್ಥಳದಲ್ಲಿಯೂ ಕೊಡಬಹುದು. ಹೈದರಾಬಾದಿನ ಕಂಪನಿಯ ವಸ್ತುವನ್ನು ಬೆಂಗಳೂರಿನಲ್ಲಿ ಕೊಂಡ ಶಹಾಪುರದವರು ಯಾದಗಿರಿಯ ಜಿಲ್ಲಾ ಆಯೋಗದ ಮುಂದೆಯೇ ದೂರು ಸಲ್ಲಿಸಬಹುದು. ಹೊಸ ಕಾಯ್ದೆಯ ಬದಲಾವಣೆಗಳಲ್ಲಿ ಗ್ರಾಮೀಣರಿಗೆ ಅತ್ಯಂತ ಉಪಯುಕ್ತವಾದುದು ಬಹುಶಃ ಇದೇ. ದೂರನ್ನು ಅಂತರ್ಜಾಲದ ಮೂಲಕವೂ ಸಲ್ಲಿಸಬಹುದು. ಇದಕ್ಕಾಗಿ 2020ರಲ್ಲಿ ಇ-ದಾಖಿಲ್, 2025ರ ಜನವರಿ 1ರಿಂದ ಇ-ಜಾಗೃತಿ ಜಾಲತಾಣಗಳು ಬಂದಿವೆ. ವಿಡಿಯೊ ಮೂಲಕ ಹಾಜರಾಗಲು ಕೋರಿಕೊಳ್ಳಬಹುದು. ವಕೀಲರು ಕಡ್ಡಾಯವಲ್ಲ. ನೆರವು ಬೇಕಾದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ಒಂದೇ ಬೀಜದಿಂದ ನಷ್ಟವಾದ ಊರಿನ ಹಲವು ರೈತರು ಆಯೋಗದ ಅನುಮತಿ ಪಡೆದು ಒಂದೇ ದೂರು ಸಲ್ಲಿಸಬಹುದು. ದೂರಿಗೆ ಮುನ್ನ ಮಾಹಿತಿ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷ ಕಾಲಮಿತಿ. ಎದುರುದಾರನು ನೋಟಿಸು ತಲುಪಿದ 30 ದಿನಗಳಲ್ಲಿ ಉತ್ತರಿಸಬೇಕು. ಆಯೋಗವು ಇನ್ನು 15 ದಿನ ಮಾತ್ರ ಕೊಡಬಹುದು. ಅದಕ್ಕಿಂತ ಹೆಚ್ಚು ಕೊಡುವಂತಿಲ್ಲವೆಂದು 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ದೋಷವನ್ನು ಪ್ರಯೋಗಾಲಯದಲ್ಲಿಯೇ ಕಂಡುಹಿಡಿಯಬೇಕಿದ್ದರೆ ಆಯೋಗವು ಮಾದರಿಯನ್ನು ಮೊಹರು ಮಾಡಿ ಕಳುಹಿಸುತ್ತದೆ. ವರದಿಗೆ 45 ದಿನಗಳ ಅವಧಿ. ಪರೀಕ್ಷೆ ಬೇಡದ ದೂರು ಮೂರು ತಿಂಗಳಲ್ಲಿ, ಬೇಕಾದ ದೂರು ಐದು ತಿಂಗಳಲ್ಲಿ ತೀರ್ಮಾನವಾಗಬೇಕೆಂಬುದು ಕಾಯ್ದೆಯ ಆಶಯ. ಆಯೋಗವು ದೋಷ ನಿವಾರಣೆ, ವಸ್ತುವಿನ ಬದಲಾವಣೆ, ಹಣ ವಾಪಸು, ಪರಿಹಾರ, ದಂಡನಾತ್ಮಕ ಪರಿಹಾರಗಳಿಗೆ ಆದೇಶಿಸಬಹುದು. ಆದೇಶ ಪಾಲಿಸದವನಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ 25 ಸಾವಿರಕ್ಕೆ ಕಡಿಮೆಯಿಲ್ಲದ ಒಂದು ಲಕ್ಷದವರೆಗಿನ ದಂಡ, ಅಥವಾ ಎರಡೂ ಆಗಬಹುದು. ಜಿಲ್ಲಾ ಆಯೋಗದ ಆದೇಶದ ಮೇಲೆ 45 ದಿನಗಳಲ್ಲಿ ಬೆಂಗಳೂರಿನಲ್ಲಿರುವ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಹಣ ಕೊಡಬೇಕಾದ ಪಕ್ಷದವರು ಮೊದಲು ಅರ್ಧ ಮೊತ್ತವನ್ನು ಠೇವಣಿ ಇಡಬೇಕು.

ರಸೀದಿಯ ಪ್ರಶ್ನೆ

ಹಳ್ಳಿಗಳ ಬಹಳಷ್ಟು ವ್ಯವಹಾರ ಕಚ್ಚಾ ಚೀಟಿಯ ಮೇಲೆ ನಡೆಯುತ್ತದೆ. ಬೀಜ, ಗೊಬ್ಬರ, ಔಷಧಗಳನ್ನು ಕೊಡುವವನೇ ಬೆಳೆಯನ್ನು ಕೊಳ್ಳುವ ಅಥವಾ ಸಾಲ ಕೊಡುವ ವ್ಯಾಪಾರಿಯಾಗಿದ್ದಾಗ ರೈತನಿಗೆ ಪಕ್ಕಾ ಬಿಲ್ ಕೇಳುವ ಧೈರ್ಯವಿರುವುದಿಲ್ಲ. ಕೇಳಿದರೆ ಮುಂದಿನ ಹಂಗಾಮಿಗೆ ಉದ್ರಿ ಸಿಗಲಿಕ್ಕಿಲ್ಲ. ಆದರೆ 2019ರ ಕಾಯ್ದೆ ಬಿಲ್ ಕೊಡದಿರುವುದನ್ನೇ ಅನುಚಿತ ವ್ಯಾಪಾರ ಪದ್ಧತಿಯೆಂದು ಹೆಸರಿಸಿದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನಗಳಲ್ಲಿ ವಾಪಸು ಪಡೆಯಲು ನಿರಾಕರಿಸುವುದೂ ಹಾಗೆಯೇ. "ಒಮ್ಮೆ ಮಾರಿದ ಸರಕನ್ನು ವಾಪಸು ತೆಗೆದುಕೊಳ್ಳುವುದಿಲ್ಲ" ಎಂದು ಗೋಡೆಗೆ ತೂಗುಹಾಕಿದ ಫಲಕಕ್ಕೆ ದೋಷಯುಕ್ತ ಸರಕಿನ ಮಟ್ಟಿಗೆ ಬೆಲೆಯಿಲ್ಲ. ಬಿಲ್ ಇಲ್ಲದಿದ್ದರೆ ದೂರು ಅಸಾಧ್ಯವೆಂದೇನೂ ಅಲ್ಲ. ಫೋನಿನ ಮೂಲಕ ಹಣ ಪಾವತಿಸಿದ ದಾಖಲೆ, ಪೊಟ್ಟಣದ ಚೀಟಿ, ಅಂಗಡಿಯ ಖಾತೆಯ ಪುಟದ ಚಿತ್ರ, ಸಾಕ್ಷಿಗಳ ಪ್ರಮಾಣಪತ್ರ ಇವುಗಳ ಮೂಲಕ ಖರೀದಿಯನ್ನು ತೋರಿಸಬಹುದು. ಆದರೆ ಎದುರುದಾರ "ಇವರು ನಮ್ಮಲ್ಲಿ ಕೊಂಡೇ ಇಲ್ಲ" ಎಂದುಬಿಟ್ಟಾಗ ದಾರಿ ಉದ್ದವಾಗುತ್ತದೆ.

ಮಿತಿಗಳು

ಗ್ರಾಹಕನ ವ್ಯಾಖ್ಯೆಯೊಳಗೆ ಬಾರದವರಿಗೆ, ಉದಾಹರಣೆಗೆ ದಾರಿಯಲ್ಲಿ ಹೋಗುತ್ತಿದ್ದಾಗ ಬೇರೊಬ್ಬರ ವಾಹನದ ದೋಷದಿಂದ ಗಾಯಗೊಂಡವರಿಗೆ, ಆರನೆಯ ಅಧ್ಯಾಯದ ಆಸರೆ ಸುಲಭವಾಗಿ ಸಿಗದು. ಅವರು ಸಿವಿಲ್ ನ್ಯಾಯಾಲಯವನ್ನು ಅಥವಾ ಮೋಟಾರು ಅಪಘಾತ ನ್ಯಾಯಮಂಡಳಿಯನ್ನು ನೋಡಬೇಕಾಗುತ್ತದೆ. 1966ರ ಬೀಜ ಕಾಯ್ದೆಯ ಶಿಕ್ಷೆಯಂತೂ ಕಾಲದ ಹಿಂದೆ ಉಳಿದಿದೆ. ಮೊದಲ ಅಪರಾಧಕ್ಕೆ ಅದರಲ್ಲಿ ನಿಗದಿಯಾದ ಗರಿಷ್ಠ ದಂಡ ಐನೂರು ರೂಪಾಯಿ. ಅದನ್ನು ಬದಲಿಸಲು 2004ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಕಾಯ್ದೆಯಾಗಲಿಲ್ಲ.

ಮೂರು ಮತ್ತು ಐದು ತಿಂಗಳ ಗಡುವು ಹಲವೆಡೆ ಪಾಲನೆಯಾಗುವುದಿಲ್ಲ. ಆಯೋಗಗಳಲ್ಲಿ ಅಧ್ಯಕ್ಷ, ಸದಸ್ಯರ ಹುದ್ದೆಗಳು ಖಾಲಿ ಉಳಿಯುವುದು ಇದಕ್ಕೆ ಮುಖ್ಯ ಕಾರಣ. ದೇಶದಾದ್ಯಂತ ಇದ್ದ ಈ ಸ್ಥಿತಿಯನ್ನು ಸುಪ್ರೀಂ ಕೋರ್ಟ್ 2021ರಲ್ಲಿ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡು, ಹುದ್ದೆಗಳನ್ನು ತುಂಬುವಂತೆ ರಾಜ್ಯಗಳಿಗೆ ಗಡುವು ನೀಡಿತ್ತು.